ಮೌಲ್ಯಗಳ ಸಂಶೋಧನೆಗೆ ದುಡ್ಡು ಕೇಳುವುದು ಹೇಗೆ?

ನೀತಿ, ಮಾನವೀಯ ಮೌಲ್ಯ ಅಂದರೆ ಯಾರೂ ಹಣ ಕೊಡಲ್ಲ ಎಂದು ಕಾಲೇಜುಗಳ ಸ್ಟಾಫ್ ರೂಮಿನಲ್ಲಿ ಆಗಾಗ ಗೊಣಗಾಟ ಕೇಳುತ್ತದೆ. ಹಣ ಇದೆ. ತೊಡಕು ಇರುವುದು ಕೇಳುವ ರೀತಿಯಲ್ಲಿ. ‘ಇಂದಿನ ಸಮಾಜದಲ್ಲಿ ಮೌಲ್ಯಗಳ ಕುಸಿತ: ಒಂದು ಅಧ್ಯಯನ’ ಎಂದು ಬರೆದು ಕಳಿಸಿದರೆ ಓದುವವರು ಏನು ಮಾಡಬೇಕು ಹೇಳಿ? ಅದು ಭಾಷಣದ ವಿಷಯ.

ಹಾಗಾಗಿ ಮೊದಲ ಕೆಲಸ, ಪ್ರಶ್ನೆಯನ್ನು ಸಣ್ಣದು ಮಾಡುವುದು. ನಮ್ಮ ಕಲಬುರಗಿಯದೇ ಒಂದು ಉದಾಹರಣೆ ನೋಡೋಣ. ಆಸ್ತಿ ಹಂಚಿಕೆಗೆ ದೇಶದ ಬಹುಭಾಗ ಒಪ್ಪಿಕೊಂಡ ಹಳೆಯ ಧರ್ಮಶಾಸ್ತ್ರ ಗ್ರಂಥ ‘ಮಿತಾಕ್ಷರ’ದ ಕರ್ತೃ ವಿಜ್ಞಾನೇಶ್ವರನಿಗೂ ಇಲ್ಲಿನ ಮರತೂರಿಗೂ ನಂಟಿದೆ. ಆ ಪದ್ಧತಿಯ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಪಾಲು ಎಂಬ ಕಾನೂನು ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲೇ ಜಾರಿಗೆ ಬಂತು, ದೇಶಕ್ಕೆಲ್ಲ 2005ರಲ್ಲಿ. ಆದರೂ ತಮ್ಮ ಪಾಲು ಬಿಟ್ಟುಕೊಡುವ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಹೋಗುವ ಅಕ್ಕತಂಗಿಯರು ಇದ್ದಾರೆ. ಅದು ಅಣ್ಣನ ಮೇಲಿನ ಪ್ರೀತಿಯೋ, ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಯೋ? ಒಂದು ತಾಲ್ಲೂಕು, ನಾಲ್ಕು ಹಳ್ಳಿ, ಒಂದೇ ಪ್ರಶ್ನೆ. ಇದೂ ಮೌಲ್ಯದ ಸಂಶೋಧನೆಯೇ ಅಲ್ವಾ? ಇದಕ್ಕೆ ಉತ್ತರ ಸಿಗುತ್ತದೆ, ಆದ್ದರಿಂದ ದುಡ್ಡೂ ಸಿಗಬಹುದು.

ಎರಡನೆಯದು, ಯಾರನ್ನು ಕೇಳಬೇಕು? ಮನೆಯಿಂದಲೇ ಶುರು ಮಾಡಿ. ಶಿಕ್ಷಕರಿಗೆ ಎಷ್ಟು ಸೀಡ್ ಮನಿ (ಸಂಶೋಧನೆ ಶುರು ಮಾಡಲು ಸಂಸ್ಥೆಯೇ ಕೊಡುವ ಹಣ) ಕೊಟ್ಟಿದ್ದೀರಿ ಎಂದು ಗುಣಮಟ್ಟ ಅಳೆದು ಮಾನ್ಯತೆ ಕೊಡುವ ನ್ಯಾಕ್ ವಿಶ್ವವಿದ್ಯಾಲಯಗಳನ್ನು ಕೇಳುತ್ತದೆ. ಆದ್ದರಿಂದ ನಿಮ್ಮ ವಿಶ್ವವಿದ್ಯಾಲಯದ ಆಂತರಿಕ ಗುಣಮಟ್ಟ ಘಟಕಕ್ಕೆ (ಐಕ್ಯೂಎಸಿ) ಹೋಗಿ ಸೀಡ್ ಮನಿ ನಿಯಮದ ಪ್ರತಿ ಕೇಳಿ. ಮೊತ್ತ ಸಣ್ಣದಿದ್ದರೂ ಮೊದಲ ಸುತ್ತಿನ ಓಡಾಟಕ್ಕೆ ಸಾಕು, ಮುಂದೆ ದೊಡ್ಡ ಅರ್ಜಿ ಹಾಕುವಾಗ ಆಧಾರವೂ ಆಗುತ್ತದೆ. ಹೊರಗೆ ಕೇಳುವುದಾದರೆ ಸಮಾಜ ವಿಜ್ಞಾನದವರಿಗೆ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ (ಐಸಿಎಸ್ಎಸ್ಆರ್), ತತ್ವಶಾಸ್ತ್ರದವರಿಗೆ ಭಾರತೀಯ ತತ್ವಶಾಸ್ತ್ರ ಸಂಶೋಧನಾ ಮಂಡಳಿ (ಐಸಿಪಿಆರ್). ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2019ರಲ್ಲಿ ತಂದ ‘ಮೂಲ್ಯ ಪ್ರವಾಹ’ ಮಾರ್ಗಸೂಚಿಯನ್ನು ಎಲ್ಲ ಅರ್ಜಿಗೂ ಸುಮ್ನೆ ತುರುಕಬೇಡಿ. ಅದು ಕ್ಯಾಂಪಸ್ಸಿನೊಳಗಿನ ನಡವಳಿಕೆ ಕುರಿತದ್ದು. ನಿಮ್ಮ ವಿಷಯ ಅದಾಗಿದ್ದರೆ ಮಾತ್ರ ಉಲ್ಲೇಖಿಸಿ.

ಮೂರನೆಯದು ನೈತಿಕ ಸಮಿತಿಯ, ಅಂದರೆ ಸಂಶೋಧನೆಯಿಂದ ಜನರಿಗೆ ತೊಂದರೆಯಾಗದಂತೆ ನೋಡುವ ಸಮಿತಿಯ ಒಪ್ಪಿಗೆ. ಇಲ್ಲೇ ಜಾಸ್ತಿ ಹೊತ್ತು ನಿಲ್ಲಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಬರೆದದ್ದು ಆರೋಗ್ಯ ಸಂಶೋಧನೆಗಾದರೂ ನಮಗೂ ಒಳ್ಳೆಯ ಮಾದರಿ. ಅದರ ಪ್ರಕಾರ ಸಮಿತಿಯಲ್ಲಿ 7ರಿಂದ 15 ಜನ, ಅಧ್ಯಕ್ಷರು ಸಂಸ್ಥೆಯ ಹೊರಗಿನವರು. ನೀವು ಮಾತಾಡಿಸುವವರಿಂದ ಸಹಿ ಪಡೆಯುವ ಒಪ್ಪಿಗೆ ಪತ್ರವನ್ನು ಕಚೇರಿ ಕನ್ನಡದಲ್ಲಿ ಬರೆಯಬೇಡಿ. ‘ನಿಮ್ಮ ಹೆಸರು ಎಲ್ಲೂ ಬರೆಯೋದಿಲ್ಲ. ಬ್ಯಾಡ ಅನಿಸಿದ್ರ ನಡುವೇ ನಿಲ್ಲಿಸಬಹುದು’ ಎಂದು ಓದಿ ಹೇಳುವ ಹಾಗಿರಲಿ. ಓದು ಬಾರದವರು ಹೆಬ್ಬೆಟ್ಟು ಒತ್ತುವಾಗ ಪಕ್ಕದಲ್ಲಿ ಸಾಕ್ಷಿ ಬೇಕು. ಆ ಸಾಕ್ಷಿ ಅದೇ ಅಣ್ಣನಾದರೆ? ಆಕೆ ಹೇಳುವುದೆಲ್ಲ ಅವನು ಕೇಳಬೇಕೆಂದಿದ್ದೇ ಆಗಿರುತ್ತದೆ. ಆಶಾ ಕಾರ್ಯಕರ್ತೆಯನ್ನೋ ನೆರೆಮನೆಯ ಹೆಂಗಸನ್ನೋ ಕರೆಯಿರಿ, ಸಹಿ ಆದ ಮೇಲೆ ಮಾತುಕತೆಗೆ ಅವರೂ ಕೂರುವುದು ಬೇಡ. ಇಷ್ಟನ್ನೂ ಪ್ರಸ್ತಾವದಲ್ಲೇ ಬರೆಯಿರಿ. ಊರು ಗೊತ್ತಿರುವವರು ಬರೆದದ್ದು ಎಂದು ಓದಿದವರಿಗೆ ಕೂಡಲೇ ತಿಳಿಯುತ್ತದೆ.

ವೇಳಾಪಟ್ಟಿಯೂ ಅಷ್ಟೇ. ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿ. ಹೆಣ್ಣುಮಕ್ಕಳು ಹೊಲದಲ್ಲಿರುತ್ತಾರೆ, ಮನೆಗೆ ಹೋದರೆ ಬೀಗ. ಮೇ ತಿಂಗಳ ಬಿಸಿಲಲ್ಲಿ ನಡುಮಧ್ಯಾಹ್ನ ಹಳ್ಳಿ ಸುತ್ತುವ ಯೋಜನೆ ಹಾಕುವವರು ಈ ಕಡೆಯವರಲ್ಲ ಬಿಡಿ.

ಇನ್ನು ಬಜೆಟ್. ಬಸ್ ಚಾರ್ಜು, ಕ್ಷೇತ್ರ ಸಹಾಯಕಿಯ ದಿನಗೂಲಿ, ಧ್ವನಿಮುದ್ರಣವನ್ನು ಬರಹಕ್ಕಿಳಿಸುವ ಖರ್ಚು ಎಲ್ಲವನ್ನೂ ಬೇರೆ ಬೇರೆ ತೋರಿಸಿ. ‘ಇತರೆ’ ಎಂಬ ಬಾಬ್ತು ದಪ್ಪಗಿದ್ದರೆ ಅನುಮಾನ ಬರುತ್ತದೆ. ಮೌಲ್ಯದ ಅಧ್ಯಯನಕ್ಕೆ ಹೊಸ ಲ್ಯಾಪ್‌ಟಾಪ್ ಯಾಕೆ ಎಂದೂ ಕೇಳುತ್ತಾರೆ, ಕೇಳಲೇಬೇಕು. ಹಣ ಬಂದ ಮೇಲೆ ಒಂದು ಬಾಬ್ತಿನದನ್ನು ಇನ್ನೊಂದಕ್ಕೆ ಬಳಸುವ ಮುನ್ನ ಲಿಖಿತ ಅನುಮತಿ ಪಡೆಯಿರಿ. ಕೇಂದ್ರದ ಅನುದಾನಕ್ಕೆ ಸಾಮಾನ್ಯ ಹಣಕಾಸು ನಿಯಮಗಳ (ಜಿಎಫ್‌ಆರ್) 12-ಎ ನಮೂನೆಯಲ್ಲಿ ಬಳಕೆ ಪ್ರಮಾಣಪತ್ರ ಕೊಡಬೇಕಾಗುತ್ತದೆ. ಮಾರ್ಚ್ ಕೊನೆಯಲ್ಲಿ ಬಿಲ್ಲು ಹುಡುಕುತ್ತಾ ಕೂರಬಾರದು ಎಂದಿದ್ದರೆ ಬಸ್ ಟಿಕೆಟ್ಟನ್ನು ಅಂದೇ ಹಾಳೆಗೆ ಅಂಟಿಸಿ, ಊರು, ದಿನಾಂಕ ಬರೆದಿಡಿ.

ವರದಿ ಬರೆಯುವಾಗ ಬೇರೆಯವರ ಸಾಲುಗಳ ಮೇಲೆ ಕಣ್ಣಿರಲಿ. ಯುಜಿಸಿಯ 2018ರ ನಿಯಮದಲ್ಲಿ ಬೇರೆ ಬರಹಗಳ ಜೊತೆಗಿನ ಹೋಲಿಕೆ ಶೇ 10 ದಾಟಿದರೆ ಕ್ರಮವಿದೆ. ವರದಿಯ ಜೊತೆಗೆ ಎರಡು ಪುಟದ ಕನ್ನಡ ಸಾರಾಂಶವನ್ನೂ ಮಾಡಿ, ಆ ನಾಲ್ಕು ಹಳ್ಳಿಗಳಿಗೆ ಹೋಗಿ ಓದಿ ಹೇಳಿ ಬನ್ನಿ. ಆ ಓಡಾಟದ ಬಸ್ ಚಾರ್ಜನ್ನೂ ಮೊದಲೇ ಬಜೆಟ್ಟಿಗೆ ಸೇರಿಸಿಕೊಳ್ಳಿ.