ವಾರದ ಹನ್ನೆರಡು: ಮನೆಖರ್ಚು ನನ್ನ ಹಿಡಿತಕ್ಕೆ ಬಂದದ್ದು ಹೀಗೆ

"ಅತ್ತಿಗೆ, ಇದು ಮೂರು ತಿಂಗಳು ನಡೆದರೆ ನನಗೆ ಹೇಳಿ" ಅಂದಿದ್ದ ಮೈದುನ. ಅವನು ಲೆಕ್ಕಪತ್ರದ ಕೆಲಸದಲ್ಲೇ ಇರುವವನು, ಅವನ ಮಾತಿಗೆ ಮನೆಯಲ್ಲಿ ತೂಕ ಜಾಸ್ತಿ. "ಇದು" ಅಂದರೆ, ಮನೆಖರ್ಚಿಗೆ ತಿಂಗಳಿಗಿಷ್ಟು ಎನ್ನುವ ಬದಲು ವಾರಕ್ಕಿಷ್ಟು ಎಂದು ಕಟ್ಟಿಡುವ ನನ್ನ ಪದ್ಧತಿ. ಈಗ ಎರಡು ವರ್ಷ ದಾಟಿದೆ, ನಡೆಯುತ್ತಲೇ ಇದೆ. ಅದಕ್ಕೇ ಬರೆಯುತ್ತಿದ್ದೇನೆ.

ದುಡ್ಡಿನ ನಿಜವಾದ ಅಂಕಿ ಹೇಳುವುದಿಲ್ಲ. ನಮ್ಮಿಬ್ಬರ ತಿಂಗಳ ಆದಾಯ 100 ಎಂದು ಇಟ್ಟುಕೊಳ್ಳಿ, ಮುಂದಿನದೆಲ್ಲ ಅದೇ ಲೆಕ್ಕದಲ್ಲಿ. ನಿಮ್ಮ ಆದಾಯಕ್ಕೆ ನೀವೇ ಹೊಂದಿಸಿಕೊಳ್ಳಿ.

ಶುರುವಿನಲ್ಲಿ ಸ್ಥಿತಿ ಹೀಗಿತ್ತು. ಮನೆ ಸಾಲದ ಕಂತು, ಕರೆಂಟು, ನೀರು, ಇಂಟರ್ನೆಟ್ ಸೇರಿ 27. ದಿನಸಿ, ಓಡಾಟ, ಬಟ್ಟೆಬರೆ, ಚಿಲ್ಲರೆ ಖರ್ಚು ಎಲ್ಲಾ ಸೇರಿ 62ರ ಆಸುಪಾಸು. ವಿಮೆ, ಶಾಲೆಯ ಶುಲ್ಕ, ರಿಪೇರಿಯಂಥ ಆಗೊಮ್ಮೆ ಈಗೊಮ್ಮೆ ಬರುವ ಖರ್ಚು ತಿಂಗಳಿಗೆ ಹಂಚಿದರೆ 11. ಅಲ್ಲಿಗೇ 100 ಮುಗಿಯಿತು. ಮೇಲಿಂದ ಕ್ರೆಡಿಟ್ ಕಾರ್ಡಿನ ಬಾಕಿ ಸುಮಾರು 60, ತಿಂಗಳಿಗೆ ನೂರಕ್ಕೆ ಮೂರರಂತೆ ಬಡ್ಡಿ. ಅಂದರೆ ತಿಂಗಳಿಗೆ ಹೆಚ್ಚುಕಡಿಮೆ 2 ಬರೀ ಬಡ್ಡಿಗೆ. 100 ಬಂದು 102 ಹೋಗುತ್ತಿತ್ತು. ತಿಂಗಳಿಗೆ ಮೂರು ಅಂದರೆ ಕೇಳಲು ಸಣ್ಣದು. ಬಡ್ಡಿಗೆ ಬಡ್ಡಿ ಸೇರಿದರೆ ವರ್ಷಕ್ಕೆ ನೂರಕ್ಕೆ 42 ದಾಟುತ್ತದೆ. ಬ್ಯಾಂಕು ಕೇಳುವ ಕನಿಷ್ಠ ಮೊತ್ತ ಮಾತ್ರ ಕಟ್ಟುತ್ತಾ ನಾವು ಒಂದೂವರೆ ವರ್ಷ ಸುಮ್ಮನೆ ನಿಂತಲ್ಲೇ ನಿಂತಿದ್ದೆವು.

ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಸ್ಪ್ರೆಡ್‌ಶೀಟ್ ತೆರೆದು 23 ಬಾಬ್ತು ಬರೆದೆ. ಹಾಲಿಗೊಂದು, ತರಕಾರಿಗೊಂದು, ಔಷಧಿಗೊಂದು, ಹೀಗೆ. ಸುಮಾರು ನಲವತ್ತು ದಿನ ನಡೆಯಿತು. ರಾತ್ರಿ ಅರ್ಧ ಗಂಟೆ ಅದಕ್ಕೇ ಹೋಗುತ್ತಿತ್ತು, ಸುಸ್ತಾದ ದಿನ ಎಲ್ಲವನ್ನೂ "ಇತರೆ"ಗೆ ತುಂಬುತ್ತಿದ್ದೆ. ಕೊನೆಗೆ ನೋಡಿದರೆ ದಿನಸಿ ಬಿಟ್ಟರೆ ಅತಿ ದೊಡ್ಡ ಬಾಬ್ತು "ಇತರೆ", 18. ಹದಿನೆಂಟು ಎಲ್ಲಿ ಹೋಯಿತು ಎಂದು ಹೇಳದ ಲೆಕ್ಕ ಯಾವ ಲೆಕ್ಕ? ಆಮೇಲೆ ಮೊಬೈಲ್ ಆಪ್. ಅದು ಎರಡು ವಾರ.

ಮೂರನೆಯದು ಲಕೋಟೆ. ಬಾಬ್ತಿಗೊಂದು ಲಕೋಟೆ, ಒಳಗೆ ನಗದು. ಇದು ಬಹಳ ಜನಕ್ಕೆ ಕೆಲಸ ಮಾಡಿದೆ, ನನಗೆ ಮಾಡಲಿಲ್ಲ. ತರಕಾರಿ ಲಕೋಟೆ ಖಾಲಿಯಾದರೆ ಬಟ್ಟೆ ಲಕೋಟೆಯಿಂದ ತೆಗೆಯುವುದು, "ನಾಳೆ ಹಾಕ್ತೀನಿ" ಅನ್ನುವುದು. ಇಪ್ಪತ್ತನೇ ತಾರೀಖಿಗೆ ಎಲ್ಲಾ ಲಕೋಟೆಗಳೂ ಒಟ್ಟಿಗೇ ಖಾಲಿ.

ನಾಲ್ಕನೆಯ ಸೋಲು ದುಬಾರಿಯದು: ಸಗಟು ಖರೀದಿ. ದೊಡ್ಡ ಪೊಟ್ಟಣ ತಂದರೆ ಅಗ್ಗ ಎಂದು ಒಂದೇ ತಿಂಗಳಲ್ಲಿ ಸುಮಾರು 20 ಸುರಿದೆ. ಹಿಟ್ಟಿಗೆ ಹುಳು ಬಿತ್ತು, ಎಣ್ಣೆಯ ಎರಡನೇ ಡಬ್ಬಿ ಕಮಟು ಹಿಡಿಯಿತು. ಅದಕ್ಕಿಂತ ದೊಡ್ಡ ನಷ್ಟ ತಡವಾಗಿ ಕಂಡಿತು. ಮನೆಯಲ್ಲಿ ರಾಶಿ ಇದ್ದರೆ ಕೈ ಸಡಿಲವಾಗುತ್ತದೆ. ಬಟ್ಟೆ ಸೋಪಿನ ಪುಡಿ ಒಂದು ಕಿಲೋ ಇದ್ದಾಗ ಎಷ್ಟು ದಿನ ಬರುತ್ತಿತ್ತೋ, ಐದು ಕಿಲೋ ಇದ್ದಾಗ ಅದರ ಐದು ಪಟ್ಟು ಬರಲಿಲ್ಲ, ನಾಲ್ಕು ಪಟ್ಟೂ ಸರಿಯಾಗಿ ಬರಲಿಲ್ಲ. ತೆರೆದ ತಾರೀಖನ್ನು ಪೊಟ್ಟಣದ ಮೇಲೆ ಮಾರ್ಕರ್‌ನಲ್ಲಿ ಬರೆಯುವ ಅಭ್ಯಾಸ ಅಲ್ಲಿಂದಲೇ ಬಂದದ್ದು.

ತಿರುವು ಸಿಕ್ಕಿದ್ದು ಹಳೆಯ ಬ್ಯಾಂಕ್ ವಿವರಪಟ್ಟಿಯಲ್ಲಿ. ಎರಡು ವರ್ಷದ್ದನ್ನು ತೆಗೆದು, ಕಾರ್ಡಿನ ಬಾಕಿ ಯಾವ ಯಾವ ತಿಂಗಳು ಏರಿದೆ ಎಂದು ಗುರುತು ಹಾಕಿದೆ. ದಿನದ ಚಿಲ್ಲರೆ ಖರ್ಚಿನಿಂದ ಏರಿದ ತಿಂಗಳು ಒಂದೂ ಇಲ್ಲ. ಪ್ರತಿ ಸಲವೂ ವಿಮೆಯ ಕಂತು, ಶಾಲೆಯ ಶುಲ್ಕ, ಗಾಡಿಯ ಟೈರು, ಹಲ್ಲಿನ ಚಿಕಿತ್ಸೆ. ವರ್ಷಕ್ಕೊಮ್ಮೆ ಬರುತ್ತದೆ ಎಂದು ಗೊತ್ತಿದ್ದೂ ಪ್ರತಿ ಸಲ "ಅಚಾನಕ್ ಬಂತು" ಅಂದುಕೊಂಡಿದ್ದೆವು. ಚಹಾ ಕಾಫಿ ಬಿಡಿ ಎಂದು ಉಪದೇಶ ಮಾಡುವವರ ಮಾತು ಕೇಳಿ ನಾನು ವ್ಯರ್ಥ ಮಾಡಿದ ತಿಂಗಳುಗಳನ್ನು ನೆನೆದರೆ ಈಗಲೂ ಬೇಸರವಾಗುತ್ತದೆ.

ಆಗ ವರ್ಷದ ಪಟ್ಟಿ ಮಾಡಿದೆ. ನೆನಪಿನಿಂದ ಬರೆದಾಗ ತಿಂಗಳಿಗೆ 8 ಬಂತು. ವಿವರಪಟ್ಟಿ ನೋಡಿ ತಿದ್ದಿದಾಗ 11. ಆ ಮೂರರ ವ್ಯತ್ಯಾಸವೇ ನಮ್ಮನ್ನು ಮುಳುಗಿಸುತ್ತಿದ್ದದ್ದು. ಹಾಗಾಗಿ ನೆನಪಿನಿಂದ ಪಟ್ಟಿ ಮಾಡಬೇಡಿ, ವಿವರಪಟ್ಟಿ ಎದುರಿಗಿಟ್ಟುಕೊಳ್ಳಿ. ಈ 11 ಸಂಬಳ ಬಂದ ದಿನವೇ ಬೇರೆ ಖಾತೆಗೆ ತಾನಾಗಿ ಹೋಗುತ್ತದೆ. ಆ ಖಾತೆಯ ಕಾರ್ಡನ್ನು ನಾನು ತರಿಸಲೇ ಇಲ್ಲ.

ಬಾಬ್ತುಗಳನ್ನು 23ರಿಂದ ನಾಲ್ಕಕ್ಕೆ ಇಳಿಸಿದೆ. ಜಪಾನಿನಲ್ಲಿ ಪತ್ರಕರ್ತೆ ಹಾನಿ ಮೊಟೊಕೊ 1904ರಲ್ಲಿ ಗೃಹಿಣಿಯರಿಗೆಂದು ಲೆಕ್ಕದ ಪುಸ್ತಕ ಹೊರತಂದರು. ಕಾಕೆಬೊ ಎಂದು ಈಗ ಎಲ್ಲೆಡೆ ಓಡಾಡುವ ಪದ್ಧತಿಯ ಬೇರು ಅದು. ಅದರಲ್ಲಿ ಇಂದು ಬಳಕೆಯಲ್ಲಿರುವುದು ಅಗತ್ಯ, ಆಸೆ, ಓದು-ಮನರಂಜನೆ, ಅನಿರೀಕ್ಷಿತ ಎಂಬ ನಾಲ್ಕೇ ವಿಭಾಗ. ನಾಲ್ಕಾದರೆ ರಾತ್ರಿ ಮೂರು ನಿಮಿಷ ಸಾಕು, "ಇತರೆ" ಎಂಬ ಬಿಲವೇ ಇರುವುದಿಲ್ಲ.

ಈಗ ಮುಖ್ಯ ವಿಷಯಕ್ಕೆ. 27 ಸಾಲದ ಕಂತು, ಕರೆಂಟಿನಂಥ ಕಟ್ಟಲೇಬೇಕಾದದ್ದಕ್ಕೆ, 11 ವರ್ಷದ ಖರ್ಚಿನ ಖಾತೆಗೆ, 7 ಕಾರ್ಡಿನ ಬಾಕಿಗೆ, 3 ಆಪತ್ತಿನ ಗಂಟಿಗೆ. ದಿನಸಿ, ಓಡಾಟದಂಥ ಖರ್ಚಿಗೆ ಉಳಿದದ್ದು 52 (62 ಇದ್ದದ್ದು ಹೇಗೆ ಇಳಿಯಿತು ಎಂದು ಮುಂದೆ ಹೇಳುತ್ತೇನೆ). ಈ 52ನ್ನು ನಾಲ್ಕು ವಾರಕ್ಕೆ ಭಾಗಿಸಿ ವಾರಕ್ಕೆ 13 ಎಂದುಕೊಂಡರೆ ಕೆಟ್ಟಿರಿ. ಹನ್ನೆರಡು ತಿಂಗಳಿಗೆ ನಾಲ್ಕರಂತೆ 48 ವಾರ, ವರ್ಷದಲ್ಲಿರುವುದು 52. ನಾಲ್ಕು ವಾರ ಊಟ ಎಲ್ಲಿಂದ? ತಿಂಗಳ ಲೆಕ್ಕ ಇಡುವ ಬಹಳ ಮನೆಗಳು ಎಡವುವುದು ಇಲ್ಲೇ ಎಂದು ನನ್ನ ನಂಬಿಕೆ. ವರ್ಷದ ಮೊತ್ತವನ್ನು, ಅಂದರೆ 52ರ ಹನ್ನೆರಡು ಪಟ್ಟನ್ನು, ವರ್ಷದ 52 ವಾರಗಳಿಂದ ಭಾಗಿಸಬೇಕು. ನಮಗೆ ಸರಿಯಾಗಿ ವಾರಕ್ಕೆ 12 ಬಂತು.

ನಮ್ಮ ವಾರ ಶುರುವಾಗುವುದು ಬುಧವಾರ. ಇವರು ಮೊದಲು ಒಪ್ಪಲಿಲ್ಲ, "ಸೋಮವಾರ ಇರಬಾರದಾ?" ಅಂದರು. ಶನಿವಾರ ಶುರು ಮಾಡಿದ್ದಾಗ ರಜೆಯ ಎರಡೇ ದಿನದಲ್ಲಿ ಮುಕ್ಕಾಲು ಪಾಲು ಹಾರಿಹೋಗುತ್ತಿತ್ತು. ಸೋಮವಾರದಿಂದ ಶುರು ಮಾಡಿದಾಗ ಭಾನುವಾರ ಕೈಯಲ್ಲಿ ಉಳಿದದ್ದನ್ನು ಖರ್ಚು ಮಾಡಿಯೇ ತೀರಬೇಕು ಅನ್ನಿಸುತ್ತಿತ್ತು. ಬುಧವಾರವಾದರೆ ರಜೆ ವಾರದ ನಡುವೆ ಬರುತ್ತದೆ. ಭಾನುವಾರ ಕೈಬಿಟ್ಟು ಖರ್ಚು ಮಾಡಿದರೆ ಸೋಮವಾರ, ಮಂಗಳವಾರ ಅದರ ಬಿಸಿ ತಟ್ಟುತ್ತದೆ.

ಒಂದು ಎಚ್ಚರಿಕೆ. ಐದು ಬುಧವಾರ ಬರುವ ತಿಂಗಳಲ್ಲಿ ಶುರು ಮಾಡಬೇಡಿ. ನಾವು ಮಾಡಿದ್ದು ಹಾಗೇ. ಆ ತಿಂಗಳಿಗೆ 60 ಬೇಕು, ಇದ್ದದ್ದು 52, ಕೊನೆಯ ವಾರ ಕೈ ಖಾಲಿ. ಮೈದುನ ಆ ವಾರವೇ ಮನೆಗೆ ಬಂದಿದ್ದ. ನಾಲ್ಕು ಬುಧವಾರದ ತಿಂಗಳಲ್ಲಿ 4 ಉಳಿಯುತ್ತದೆ, ಅಂಥ ಎರಡು ತಿಂಗಳು ಮೊದಲು ಕಳೆದರೆ 8 ಕೂಡುತ್ತದೆ, ಮುಂದೆ ತಾನಾಗಿ ಸರಿಹೋಗುತ್ತದೆ.

ಮೈದುನನ ಒಂದು ತಕರಾರು ನ್ಯಾಯವಾದದ್ದು. ಕಾರ್ಡಿಗೆ ಅಷ್ಟು ಬಡ್ಡಿ ಇರುವಾಗ ಆಪತ್ತಿಗೆಂದು 3 ಎತ್ತಿಡುವುದೇಕೆ, ಹತ್ತೂ ಕಾರ್ಡಿಗೇ ಕಟ್ಟಿ ಅಂದ. ಲೆಕ್ಕದ ಪ್ರಕಾರ ಅವನು ಸರಿ. ಆದರೆ ನಾಲ್ಕನೇ ತಿಂಗಳು ಬಟ್ಟೆ ಒಗೆಯುವ ಯಂತ್ರದ ಮೋಟರ್ ಸುಟ್ಟಿತು, ಗಂಟಿನಲ್ಲಿದ್ದ 12 ಪೂರ್ತಿ ಹೋಯಿತು, ಕಾರ್ಡು ಮಾತ್ರ ಹೊರಗೆ ಬರಲಿಲ್ಲ. ಅವತ್ತು ಕಾರ್ಡು ಹೊರಗೆ ಬಂದಿದ್ದರೆ ಮತ್ತೆ ಒಳಗೆ ಹೋಗುತ್ತಿರಲಿಲ್ಲ, ನಮ್ಮ ಮನೆ ನನಗೆ ಗೊತ್ತು. ಹತ್ತನೇ ತಿಂಗಳಿಗೆ ಬಾಕಿ ಸೊನ್ನೆ. ಅಲ್ಲಿಂದ 7 ಮತ್ತು 3 ಸೇರಿ ಹತ್ತಕ್ಕೆ ಹತ್ತೂ ಉಳಿತಾಯ.

62 ಇದ್ದದ್ದು 52ಕ್ಕೆ ಇಳಿದದ್ದು ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ಹೊಟ್ಟೆ ಕಟ್ಟಿ ಅಲ್ಲ. ಒಂದು ಸಣ್ಣ ಜೇಬು ಪುಸ್ತಕ, ಪುಟಕ್ಕೊಂದು ವಸ್ತು: ತಾರೀಖು, ಅಂಗಡಿ, ತೂಕ, ಬೆಲೆ, ಕಿಲೋ ಅಥವಾ ಲೀಟರಿನ ಲೆಕ್ಕದಲ್ಲಿ ಬೆಲೆ. ನಲವತ್ತೈದು ವಸ್ತು ಬರೆದರೆ ಮನೆಯ ಖರೀದಿಯ ಬಹುಪಾಲು ಬಂದುಬಿಡುತ್ತದೆ. ಮೂರು ತಿಂಗಳು ಬರೆದ ಮೇಲೆ ಪುಸ್ತಕ ಮಾತಾಡತೊಡಗಿತು. ಹತ್ತು ಹನ್ನೆರಡು ವಸ್ತುಗಳಲ್ಲಿ ದೊಡ್ಡ ಪೊಟ್ಟಣವೇ ಕಿಲೋ ಲೆಕ್ಕದಲ್ಲಿ ದುಬಾರಿ. ಒಂದು ಪೊಟ್ಟಣದ ಬೆಲೆ ಅಷ್ಟೇ ಇದೆ, ತೂಕ 500 ಗ್ರಾಮಿನಿಂದ 450ಕ್ಕೆ ಇಳಿದಿದೆ. ಅಂದರೆ ನೂರಕ್ಕೆ 11 ಬೆಲೆ ಏರಿದೆ, ಆದರೆ ಬೆಲೆಯ ಚೀಟಿಯಲ್ಲಿ ಅದು ಕಾಣುವುದಿಲ್ಲ. ಸೋಪು, ಶಾಂಪೂಗಳ ರಿಯಾಯಿತಿ ಸುಮಾರು ಆರೇಳು ವಾರಕ್ಕೊಮ್ಮೆ ತಿರುಗಿ ಬರುತ್ತದೆ. ಹಾಗಾಗಿ ಏಳು ವಾರಕ್ಕಾಗುವಷ್ಟು ತರುತ್ತೇನೆ, ಒಂದು ತುಣುಕೂ ಹೆಚ್ಚಲ್ಲ. ಸಗಟಿನಲ್ಲಿ ಸೋತ ಜಾಗದಲ್ಲಿ ಇಲ್ಲಿ ಗೆದ್ದೆ.

ಅಂಗಡಿಯಲ್ಲಿ ತಳ್ಳುಗಾಡಿ ಹಿಡಿಯುವುದನ್ನೂ ಬಿಟ್ಟೆ. ಆ ಗಾಡಿಯನ್ನು 1937ರಲ್ಲಿ ಅಮೆರಿಕದ ಒಕ್ಲಹೋಮ ಸಿಟಿಯಲ್ಲಿ ಬಳಕೆಗೆ ತಂದ ಸಿಲ್ವನ್ ಗೋಲ್ಡ್‌ಮನ್ ದಿನಸಿ ಅಂಗಡಿಗಳ ಮಾಲೀಕ. ಕೈಬುಟ್ಟಿ ಭಾರವಾದೊಡನೆ ಗಿರಾಕಿ ಖರೀದಿ ನಿಲ್ಲಿಸುತ್ತಾರೆ ಎಂಬುದು ಅವನ ಚಿಂತೆಯಾಗಿತ್ತು. ಅವನ ಚಿಂತೆಯೇ ನನ್ನ ಉಪಾಯ. ಕೈಬುಟ್ಟಿ ಹಿಡಿದ ಮೊದಲ ತಿಂಗಳೇ ವಾರದ 12ರಲ್ಲಿ 0.5 ಉಳಿಯಿತು.

ಆನ್‌ಲೈನ್‌ನಲ್ಲಿ ಬೇರೆ ರೋಗ. ಹಳೆಯ 14 ಆರ್ಡರ್ ನೋಡಿದೆ, 11ರಲ್ಲಿ ಉಚಿತ ಡೆಲಿವರಿಯ ಗೆರೆ ಮುಟ್ಟಲೆಂದು ಏನೋ ಒಂದು ಸೇರಿಸಿದ್ದೆ. ಈಗ ಕೆಡದ ವಸ್ತುಗಳ ಪಟ್ಟಿ ಫ್ರಿಜ್ ಬಾಗಿಲಲ್ಲಿದೆ. ಅದು ತಾನಾಗಿ ಗೆರೆ ಮುಟ್ಟಿದ ದಿನ ಆರ್ಡರ್, ಅಲ್ಲಿಯವರೆಗೆ ಇಲ್ಲ. ಇನ್ನೊಂದು, ಉಚಿತ ಪ್ರಯೋಗ ಎಂದು ಸೇರಿದ್ದ ಸೇವೆಯೊಂದು 14 ತಿಂಗಳು ಸದ್ದಿಲ್ಲದೆ ದುಡ್ಡು ಕತ್ತರಿಸಿಕೊಂಡಿತ್ತು. ವಿವರಪಟ್ಟಿ ಓದದ ಮನೆಗೆ ಬೀಳುವ ಪೆಟ್ಟು ಇದು. ಒಟ್ಟು 9ರಷ್ಟು ಹೋಗಿತ್ತು, ವಾಪಸ್ ಬಂದದ್ದು ಒಂದು ತಿಂಗಳದ್ದು ಮಾತ್ರ.

ಮಧ್ಯೆ ಮಧ್ಯೆ ಕೆಲವು ಪ್ರಯೋಗ ಮಾಡಿದೆ. ಎಸೆಯುವ ಆಹಾರವನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆ. ಮೊದಲ ವಾರ ಎರಡು ಕಿಲೋದ ಮೇಲೆ! ಫ್ರಿಜ್‌ನಲ್ಲಿ ಕಣ್ಣಿನ ಎತ್ತರದ ತಟ್ಟೆಯನ್ನು "ಮೊದಲು ಮುಗಿಸಬೇಕಾದ್ದು" ಎಂದು ಮೀಸಲಿಟ್ಟ ಮೇಲೆ ಮೂರನೇ ವಾರಕ್ಕೆ ಮುಕ್ಕಾಲು ಕಿಲೋಗೆ ಇಳಿಯಿತು. ಸೋಪಿನ ಪುಡಿಯ ಅಳತೆಯನ್ನು ಮೂರರಲ್ಲಿ ಎರಡು ಪಾಲು ಮಾಡಿದೆ. ಯಾರಿಗೂ ಹೇಳಲಿಲ್ಲ, ಯಾರಿಗೂ ಗೊತ್ತಾಗಲಿಲ್ಲ. ಅರ್ಧ ಮಾಡಿದಾಗ ಮಾತ್ರ ಟವೆಲ್ ವಾಸನೆ ಹೊಡೆಯಿತು. ಪ್ಲಗ್ಗಿಗೆ ಹಾಕುವ ಕರೆಂಟು ಮೀಟರ್ ಎರವಲು ತಂದು ಅಳೆದಾಗ, ಟಿವಿ ಆರಿಸಿದರೂ ಅದರ ಸೆಟ್‌ಟಾಪ್ ಪೆಟ್ಟಿಗೆ 12 ವ್ಯಾಟ್ ಎಳೆಯುತ್ತಿತ್ತು. ಇಪ್ಪತ್ತನಾಲ್ಕು ಗಂಟೆ, 365 ದಿನ ಅಂದರೆ ವರ್ಷಕ್ಕೆ 105 ಯೂನಿಟ್. ಫೋನ್ ಚಾರ್ಜರ್ ತೆಗೆಯುವ ಬಗ್ಗೆ ಇವರೊಡನೆ ಎಷ್ಟೋ ಸಲ ಮಾತಿಗೆ ಮಾತು ಬೆಳೆದಿತ್ತು, ಮೀಟರ್‌ನಲ್ಲಿ ಅದು ಲೆಕ್ಕಕ್ಕೇ ಸಿಗಲಿಲ್ಲ. ಆ ವಿಷಯದಲ್ಲಿ ಇವರೇ ಸರಿ, ಒಪ್ಪಿಕೊಂಡೆ.

ಎರಡು ಸಂಗತಿ ಇಲ್ಲಿ ಬರೆಯುವುದಿಲ್ಲ. ವಿಮೆ ನವೀಕರಣಕ್ಕೆ ಮುಂಚೆ ಫೋನ್ ಮಾಡಿ ನಾನು ಕೇಳುವ ಒಂದು ಪ್ರಶ್ನೆ, ಮತ್ತು ತರಕಾರಿಗೆ ನಾನು ಹೋಗುವ ಹೊತ್ತು. ಮೊದಲನೆಯದರಿಂದ ಪ್ರತಿ ವರ್ಷ 6ರಷ್ಟು ಕಡಿಮೆಯಾಗಿದೆ. ಎಲ್ಲರೂ ಕೇಳತೊಡಗಿದರೆ ಉತ್ತರ ಬದಲಾಗುತ್ತದೆ.

ಈಗ ಗಂಟಿನಲ್ಲಿ ಒಂದೂವರೆ ತಿಂಗಳ ಆದಾಯಕ್ಕಿಂತ ಸ್ವಲ್ಪ ಹೆಚ್ಚೇ ಇದೆ, ಸಾಲವಿಲ್ಲ. ಹೋದ ತಿಂಗಳು ಮೈದುನ ಬಂದು ಆ ಜೇಬು ಪುಸ್ತಕ ಕೇಳಿದ. ಪುಸ್ತಕ ಕೊಡಲಿಲ್ಲ, ಪಕ್ಕದಲ್ಲಿ ಕೂರಿಸಿಕೊಂಡು ಅವನ ವರ್ಷದ ಪಟ್ಟಿ ಮಾಡಿಸಿದೆ. ಲೆಕ್ಕಪತ್ರದವನಲ್ಲವೇ, ಹತ್ತೇ ನಿಮಿಷದಲ್ಲಿ ನೆನಪಿನಿಂದಲೇ ಬರೆದು ಮುಗಿಸಿದ. ಟೈರು ಇರಲಿಲ್ಲ, ಕನ್ನಡಕ ಇರಲಿಲ್ಲ. "ಬ್ಯಾಂಕಿನ ವಿವರಪಟ್ಟಿ ತೆಗೆಯಪ್ಪ" ಅಂದೆ.