ಕೆರೆಯ ಕಲ್ಲು ಮತ್ತು ನನ್ನ ಪಿಎಚ್‌ಡಿ

2001ರಲ್ಲಿ ಬಿ.ಎ. ಮುಗಿದಾಗ ನಮ್ಮ ಇತಿಹಾಸದ ಮೇಷ್ಟ್ರು ಅಂಕಪಟ್ಟಿ ನೋಡಿ, ‘ಇಲ್ಲಿಗೇ ನಿಲ್ಲಿಸಬೇಡಮ್ಮ, ಡಾಕ್ಟರೇಟ್ ತನಕ ಹೋಗು’ ಅಂದಿದ್ದರು. ಹಾಗಂದರೆ ಏನು ಅಂತ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ‘ಎಷ್ಟು ವರ್ಷ ಆಗುತ್ತೆ?’ ಅಂತ ಅಪ್ಪ ಕೇಳಿದರು. ನನಗೂ ಗೊತ್ತಿರಲಿಲ್ಲ. ಬಿ.ಎಡ್. ಮಾಡಿದೆ. ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿತು, ಮದುವೆ ಆಯಿತು, ಮಗಳು ಹುಟ್ಟಿದಳು. ಕೆಲಸದ ಜೊತೆಗೇ ದೂರಶಿಕ್ಷಣದಲ್ಲಿ ಎಂ.ಎ. ಕಟ್ಟಿ 2010ರಲ್ಲಿ ಮುಗಿಸಿದೆ. ಮೇಷ್ಟ್ರ ಮಾತು ಮಾತ್ರ ಮನಸ್ಸಿನಿಂದ ಹೋಗಲೇ ಇಲ್ಲ.

ಪಿಎಚ್‌ಡಿಗೆ ಸೇರಿದಾಗ ನನಗೆ 39. ಈಗ ಕೆಲಸದಲ್ಲಿರುವ ಎಷ್ಟೋ ಗೆಳತಿಯರು ‘ಹೇಗೆ ಮಾಡಿದೆ?’ ಅಂತ ಕೇಳುತ್ತಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕೆ-ಸೆಟ್, ಅಂದರೆ ಕಾಲೇಜು ಅಧ್ಯಾಪಕರಾಗಲು ರಾಜ್ಯಮಟ್ಟದಲ್ಲಿ ನಡೆಯುವ ಅರ್ಹತಾ ಪರೀಕ್ಷೆ. ಅದಿದ್ದರೆ ನಮ್ಮ ವಿಶ್ವವಿದ್ಯಾಲಯದಲ್ಲಿ ಪ್ರವೇಶ ಪರೀಕ್ಷೆ ಬರೆಯಬೇಕಿರಲಿಲ್ಲ, ನೇರ ಸಂದರ್ಶನಕ್ಕೆ ಹೋಗಬಹುದಿತ್ತು. ಎರಡು ಪತ್ರಿಕೆ. ಮೊದಲನೆಯದರಲ್ಲಿ 50 ಪ್ರಶ್ನೆ, ಎರಡನೆಯದರಲ್ಲಿ 100. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದನ್ನೂ ಬಿಡಬಾರದು. ಇತಿಹಾಸದ ಪತ್ರಿಕೆ ನನಗೆ ಕಷ್ಟ ಆಗಲಿಲ್ಲ. ಮೊದಲ ಸಲ ನಾನು ಸೋತಿದ್ದು ಮೊದಲ ಪತ್ರಿಕೆಯ ಲೆಕ್ಕ ಮತ್ತು ತರ್ಕದಲ್ಲಿ. ಆಮೇಲೆ ನಮ್ಮ ಶಾಲೆಯ ಗಣಿತದ ಮೇಡಂ ಹತ್ತಿರ ಮೂರು ತಿಂಗಳು, ಊಟದ ಬಿಡುವಿನಲ್ಲಿ ಇಪ್ಪತ್ತು ನಿಮಿಷ ಕೂತು ಕಲಿತೆ. 2018ರ ಕೊನೆಗೆ ಎರಡನೇ ಸಲ ಬರೆದಾಗ ಪಾಸಾಯಿತು. ಓದುತ್ತಿದ್ದದ್ದು ಬೆಳಗಿನ ನಾಲ್ಕೂವರೆಯಿಂದ ಆರು. ರಾತ್ರಿ ಓದೋಣ ಅಂತ ಮೊದಲು ನೋಡಿದ್ದೆ. ಆಗಲಿಲ್ಲ. ದಿನವಿಡೀ ಮಕ್ಕಳ ಜೊತೆ ಮಾತಾಡಿ ಬಂದ ಗಂಟಲಿಗೂ ತಲೆಗೂ ರಾತ್ರಿ ಏನೂ ಉಳಿದಿರುವುದಿಲ್ಲ.

ಗೈಡ್ ಸಿಗುವುದು ಅದಕ್ಕಿಂತ ಕಷ್ಟ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮದ ಪ್ರಕಾರ ಒಬ್ಬ ಪ್ರೊಫೆಸರ್ ಒಂದು ಹೊತ್ತಿಗೆ 8 ಜನರಿಗೆ ಮಾತ್ರ ಪಿಎಚ್‌ಡಿ ಮಾಡಿಸಬಹುದು. ಅಸೋಸಿಯೇಟ್ ಪ್ರೊಫೆಸರ್ ಆದರೆ 6, ಅಸಿಸ್ಟೆಂಟ್ ಆದರೆ 4. ಯಾರದ್ದಾದರೂ ಮುಗಿದರೆ ತಾನೇ ಜಾಗ ಖಾಲಿ ಆಗುವುದು. ಒಬ್ಬರು ನೇರವಾಗಿಯೇ ಹೇಳಿದರು: ‘ಮೇಡಂ, ಕೆಲಸದಲ್ಲಿರುವವರು ಎರಡು ವರ್ಷಕ್ಕೆ ಬಿಟ್ಟು ಹೋಗುತ್ತಾರೆ. ನನ್ನ ಸೀಟು ದಂಡ ಆಗುತ್ತೆ.’ ಅವತ್ತು ಬಸ್ಸಿನಲ್ಲಿ ಅತ್ತೆ. ಆದರೆ ಅವರ ಮಾತಿನಲ್ಲಿ ನಿಜ ಇತ್ತು ಅಂತ ಈಗ ಅನ್ನಿಸುತ್ತದೆ. ಮುಂದಿನ ಸಲ ಬೇರೆಯವರ ಹತ್ತಿರ ಹೋದಾಗ ಬರೀ ಆಸೆ ಹೇಳಿಕೊಳ್ಳಲಿಲ್ಲ. ನನಗೆ ವರ್ಷಕ್ಕೆ ಎಷ್ಟು ರಜೆ, ಯಾವ ತಿಂಗಳಲ್ಲಿ ಏನು ಮಾಡಬಲ್ಲೆ ಅಂತ ಒಂದು ಹಾಳೆಯಲ್ಲಿ ಬರೆದುಕೊಂಡು ಹೋದೆ. ಆ ಹಾಳೆಯನ್ನು ಅವರು ಎರಡು ಸಲ ಓದಿ, ‘ಬನ್ನಿ’ ಅಂದರು.

ಇಲಾಖೆಯ ಅನುಮತಿ ಬಗ್ಗೆ ಒಂದೇ ಮಾತು. ಅರ್ಜಿ ಕೊಟ್ಟರೆ ಸ್ವೀಕೃತಿಯ ಸೀಲು ಹಾಕಿಸಿಕೊಂಡ ಪ್ರತಿ ನಿಮ್ಮ ಕೈಯಲ್ಲಿರಲಿ. ನನ್ನ ಮೊದಲ ಅರ್ಜಿ ಕಚೇರಿಯೊಂದರಲ್ಲಿ ಎಲ್ಲೋ ಸೇರಿಹೋಗಿ ಎಂಟು ತಿಂಗಳು ನಷ್ಟವಾಯಿತು.

2019ರ ಡಿಸೆಂಬರಿನಲ್ಲಿ ನೋಂದಣಿ ಆಯಿತು, ಅರೆಕಾಲಿಕ ಅಭ್ಯರ್ಥಿಯಾಗಿ. ನಾನು ಕೊಟ್ಟ ವಿಷಯ ‘ಮಧ್ಯಕಾಲೀನ ಕರ್ನಾಟಕದ ನೀರಾವರಿ’. ಗೈಡ್ ನಕ್ಕು, ‘ಕರ್ನಾಟಕ ಪೂರ್ತಿ ಸುತ್ತುತ್ತೀರಾ, ನಿಮ್ಮ ಭಾನುವಾರಗಳಲ್ಲಿ?’ ಅಂದರು. ಆದರೂ ಆ ಹೆಸರನ್ನು ಬಿಡಲು ನನಗೆ ಮನಸ್ಸಿರಲಿಲ್ಲ. ಇಷ್ಟು ವರ್ಷ ಕಾದವಳಿಗೆ ದೊಡ್ಡದೇ ಬೇಕು ಅನ್ನಿಸಿತ್ತು.

ಮಾರ್ಚಿನಲ್ಲಿ ಲಾಕ್‌ಡೌನ್ ಆಯಿತು. ಕೋರ್ಸ್‌ವರ್ಕ್ ಫೋನಿನಲ್ಲಿ ನಡೆಯಿತು. ಸಿಗ್ನಲ್ ಸಿಗುವ ಜಾಗ ಅಂದರೆ ನಮ್ಮ ಮನೆಯ ಹಿತ್ತಲ ಬಾವಿಕಟ್ಟೆ. ಕೊಡೆ ಹಿಡಿದು ಅಲ್ಲಿ ಕೂತು ಸಂಶೋಧನಾ ವಿಧಾನದ ಪಾಠ ಕೇಳಿದ್ದೇನೆ. ಆಗಸ್ಟಿನಲ್ಲಿ ವಿದ್ಯಾಗಮ ಶುರುವಾಯಿತು. ನೆನಪಿದೆಯಲ್ವಾ? ಮಕ್ಕಳು ಶಾಲೆಗೆ ಬರುವಂತಿರಲಿಲ್ಲ, ಮೇಷ್ಟ್ರುಗಳೇ ಊರೂರಿಗೆ ಹೋಗಿ ಗುಡಿಯ ಅಂಗಳ, ಮರದ ನೆರಳು, ಮನೆಯ ಜಗಲಿಯಲ್ಲಿ ಪಾಠ ಮಾಡಬೇಕಿತ್ತು. ಶಿರಾಳಕೊಪ್ಪದ ಸುತ್ತಿನ ನಾಲ್ಕು ಹಳ್ಳಿ ನನ್ನ ಪಾಲಿಗೆ ಬಂದವು.

ಅಲ್ಲಿ ಒಂದು ಹಳ್ಳಿಯಲ್ಲಿ ಮಕ್ಕಳು ಬ್ಯಾಗ್ ಒರಗಿಸುತ್ತಿದ್ದದ್ದು ಒಂದು ಶಾಸನದ ಕಲ್ಲಿಗೆ. ಮೇಲೆ ಸೂರ್ಯ, ಚಂದ್ರ, ಲಿಂಗ, ಹಸು ಕರು. ಕೆಳಗೆ ಸಾಲು ಸಾಲು ಅಕ್ಷರ. ಒಂದು ಹುಡುಗಿ ಕೇಳಿದಳು, ‘ಮಿಸ್, ಇದರಲ್ಲಿ ಏನು ಬರೆದಿದೆ?’ ನಾನು ಇತಿಹಾಸದ ಟೀಚರ್. ಹದಿನೈದು ವರ್ಷದಿಂದ ಕದಂಬರು, ಚಾಲುಕ್ಯರು ಅಂತ ಪಾಠ ಮಾಡುತ್ತಿದ್ದೆ. ಒಂದು ಸಾಲೂ ಓದಲು ಬರಲಿಲ್ಲ. ಆ ನಾಚಿಕೆ ಇವತ್ತಿಗೂ ಮನಸ್ಸಿನಲ್ಲಿದೆ. ಅವತ್ತೇ ರಾತ್ರಿ ಗೈಡಿಗೆ ಫೋನ್ ಮಾಡಿ, ‘ಸರ್, ವಿಷಯ ಚಿಕ್ಕದು ಮಾಡೋಣ. ಶಿಕಾರಿಪುರ, ಸೊರಬ ಎರಡೇ ತಾಲ್ಲೂಕು. ಕೆರೆ ಶಾಸನಗಳು ಮಾತ್ರ’ ಅಂದೆ. ಸಮಿತಿಯ ಒಪ್ಪಿಗೆ ಪಡೆದು ಶೀರ್ಷಿಕೆ ಬದಲಾಯಿಸಲು ಮತ್ತೆ ಕೆಲವು ತಿಂಗಳು ಹಿಡಿಯಿತು. ನನ್ನ ಪಿಎಚ್‌ಡಿ ನಿಜವಾಗಿ ಶುರುವಾದದ್ದು ಆ ಫೋನಿನಿಂದ ಅಂತಲೇ ನಾನು ಹೇಳುವುದು. ವಿಷಯ ನಾನು ದಿನಾ ಓಡಾಡುವ ದಾರಿಯಲ್ಲಿ ಸಿಕ್ಕಿತ್ತು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಸ್ಕೂಟಿಯಲ್ಲಿ ಹೋಗಿ ಸಂಜೆಗೆ ಮನೆ ಸೇರಬಹುದಿತ್ತು.

ಓದಲು ಕಲಿತ ಬಗೆ ಹೇಳುತ್ತೇನೆ. ಬಿ.ಎಲ್. ರೈಸ್ ಅವರು ನಮ್ಮ ಶಾಸನಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ ‘ಎಪಿಗ್ರಾಫಿಯಾ ಕರ್ನಾಟಿಕ’ದ 7ನೇ ಸಂಪುಟದಲ್ಲಿ ಶಿಕಾರಿಪುರ ಇದೆ, 8ನೆಯದರಲ್ಲಿ ಸೊರಬ. 1902 ಮತ್ತು 1904ರಲ್ಲಿ ಬಂದ ಪುಸ್ತಕಗಳು. ಅಂತರ್ಜಾಲದಲ್ಲಿ ಸುಮ್ನೆ ಸಿಗುತ್ತವೆ. ಕನ್ನಡ ಪಾಠವೂ ಇದೆ, ಇಂಗ್ಲಿಷ್ ಅನುವಾದವೂ ಇದೆ. ನಾನು ಮಾಡಿದ್ದಿಷ್ಟೇ: ಅಚ್ಚಾದ ಪಾಠದ ಜೆರಾಕ್ಸ್ ಕೈಯಲ್ಲಿ ಹಿಡಿದು ಕಲ್ಲಿನ ಮುಂದೆ ಕೂರುವುದು. ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಹೊಂದಿಸುವುದು. ಮೊದಲ ದಿನ ಎರಡು ಗಂಟೆಗೆ ಒಂದೂವರೆ ಸಾಲು. ಆರು ತಿಂಗಳಿಗೆ ಪುಸ್ತಕ ಮುಚ್ಚಿ ಓದಿ, ಆಮೇಲೆ ತೆರೆದು ನೋಡುವಷ್ಟಾಯಿತು. ಅಲ್ಲಿ ‘ಕೆರೆ’ ಅಂತ ಇರುವುದಿಲ್ಲ, ‘ಕೆಱೆ’ ಅಂತ ಇರುತ್ತದೆ. ಆ ಶಕಟರೇಫವನ್ನು (ಹಳಗನ್ನಡದ ‘ಱ’ ಅಕ್ಷರವನ್ನು) ಕಲ್ಲಿನ ಮೇಲೆ ನಾನೇ ಗುರುತಿಸಿದ ದಿನ ಮಗಳಿಗೆ ಫೋಟೋ ಕಳಿಸಿದ್ದೆ.

ಫೋಟೋ ಬಗ್ಗೆ ಒಂದು ಮಾತು. ಮಧ್ಯಾಹ್ನದ ಬಿಸಿಲಿನಲ್ಲಿ ತೆಗೆದರೆ ಏನೂ ಕಾಣುವುದಿಲ್ಲ. ಸಂಜೆ ಓರೆ ಬಿಸಿಲಿನಲ್ಲಿ ತೆಗೆಯಿರಿ. ಇಲ್ಲವೇ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಪಕ್ಕದಿಂದ ಹಿಡಿಯಿರಿ. ಅಕ್ಷರದ ಅಂಚಿಗೆ ನೆರಳು ಬಿದ್ದು ಎದ್ದು ಕಾಣುತ್ತದೆ. ಕಲ್ಲಿಗೆ ಬಣ್ಣ ಬಳಿಯುವುದು, ಮೊಳೆಯಿಂದ ಕೆರೆಯುವುದು ದಯವಿಟ್ಟು ಬೇಡ.

ದೊಡ್ಡ ತಪ್ಪು ಮಾಡಿದ್ದು ತೇದಿಯಲ್ಲಿ. ನಮ್ಮ ಕಡೆಯ ಶಾಸನಗಳಲ್ಲಿ ಚಾಲುಕ್ಯ ವಿಕ್ರಮ ವರ್ಷ ಜಾಸ್ತಿ. ಆರನೇ ವಿಕ್ರಮಾದಿತ್ಯ 1076ರಲ್ಲಿ ಪಟ್ಟಕ್ಕೆ ಬಂದು ಶುರು ಮಾಡಿದ ಲೆಕ್ಕ ಅದು. 32ನೇ ವರ್ಷ ಅಂತಿದ್ದರೆ ನಾನು 1076ಕ್ಕೆ 32 ಸೇರಿಸಿ 1108 ಅಂತ ಬರೆದುಬಿಟ್ಟೆ. ಆದರೆ 1076ನೇ ಇಸವಿಯೇ ಒಂದನೇ ವರ್ಷ. ಹಾಗಾಗಿ 1107 ಆಗಬೇಕು. ಒಂದು ಅಧ್ಯಾಯದ ಎಲ್ಲ ಇಸವಿಗಳೂ ಒಂದೊಂದು ವರ್ಷ ಮುಂದೆ ಹೋಗಿದ್ದವು. ಗೈಡ್ ಹಿಡಿದು ತೋರಿಸಿದರು. ಅಲ್ಲಿಂದ ಮುಂದೆ ಸಂವತ್ಸರದ ಹೆಸರಿನ ಜೊತೆ ಹೊಂದಿಸದೆ ಒಂದು ಇಸವಿಯನ್ನೂ ಬರೆಯಲಿಲ್ಲ. 32ನೇ ವರ್ಷಕ್ಕೆ ಸರ್ವಜಿತು ಸಂವತ್ಸರ ಬಂದರೆ ಲೆಕ್ಕ ಸರಿ.

ತಾಳಗುಂದ ನಮ್ಮ ಶಾಲೆಯಿಂದ ದೂರವಿಲ್ಲ. ಅಲ್ಲಿನ ಕಂಬದ ಶಾಸನವನ್ನು ನಾನು ಪಠ್ಯಪುಸ್ತಕದಲ್ಲಿ ಓದಿದ್ದೆ, ಮಯೂರಶರ್ಮನ ಕಥೆಗಾಗಿ. ಆ ಕಂಬದ ಮುಂದೆ ಕೂತು ಓದಿದಾಗ ಬೇರೆಯೇ ಕಂಡಿತು. ಮಯೂರಶರ್ಮ ಗುರು ವೀರಶರ್ಮನ ಜೊತೆ ಕಂಚಿಗೆ ಹೋದದ್ದು ಅಲ್ಲಿನ ಘಟಿಕಾಸ್ಥಾನದಲ್ಲಿ, ಅಂದರೆ ಉನ್ನತ ವಿದ್ಯಾಕೇಂದ್ರದಲ್ಲಿ, ಮುಂದಿನ ಓದಿಗಾಗಿ. ಇಷ್ಟು ದೂರದಿಂದ ಕಂಚಿಗೆ! ಪಲ್ಲವರ ಕುದುರೆ ಸವಾರನ ಜೊತೆ ಜಗಳವಾಗಿ ಓದು ಅಲ್ಲಿಗೇ ನಿಂತಿತು, ಮಯೂರಶರ್ಮ ಕತ್ತಿ ಹಿಡಿದ. ಇನ್ನೂ ಒಂದು ವಿಷಯ ನಾನು ಗಮನಿಸಿಯೇ ಇರಲಿಲ್ಲ. ಕವಿ ಕುಬ್ಜ ಬರೆದ ಆ ಶಾಸನ ಕದಂಬರ ದೊರೆ ಕಾಕುಸ್ಥವರ್ಮ ಗುಡಿಯ ಹತ್ತಿರ ಕೆರೆ ಕಟ್ಟಿಸಿದ್ದನ್ನೂ ಹೇಳುತ್ತದೆ. ಹಾಗಾಗಿ ಅದು ನನ್ನ ಪ್ರಬಂಧದ ಮೊದಲ ಕೆರೆ ಶಾಸನವಾಯಿತು.

ಕಲ್ಲುಗಳಿಗಿಂತ ಜಾಸ್ತಿ ಕಲಿಸಿದ್ದು ಒಬ್ಬ ನೀರುಗಂಟಿ ಅಜ್ಜ, ಕೆರೆಯ ನೀರನ್ನು ಗದ್ದೆಗಳಿಗೆ ಬಿಡುವವರು. ಶಾಸನಗಳಲ್ಲಿ ‘ಬಿತ್ತುವಟ್ಟ’, ‘ಕಟ್ಟುಗೊಡಗೆ’ ಅಂತ ಬರುತ್ತದೆ. ಕೆರೆಯನ್ನು ಕಟ್ಟಿ ಕಾಪಾಡಲು ಬಿಟ್ಟ ಭೂಮಿ. ಏರಿ (ಕೆರೆಯ ಕಟ್ಟೆ), ತೂಬು (ನೀರು ಬಿಡುವ ಬಾಯಿ), ಕೋಡಿ (ಹೆಚ್ಚಾದ ನೀರು ಹರಿದುಹೋಗುವ ದಾರಿ) ಅಂತ ಪುಸ್ತಕದಲ್ಲಿ ಓದಿದ್ದ ನನಗೆ ಅವು ಹೇಗೆ ಕೆಲಸ ಮಾಡುತ್ತವೆ ಅಂತ ಗೊತ್ತಿರಲಿಲ್ಲ. ಅಜ್ಜ ಏರಿಯ ಮೇಲೆ ನಡೆಸಿಕೊಂಡು ಹೋಗಿ ತೋರಿಸಿದರು. ತೂಬಿನ ಹತ್ತಿರದ ಗದ್ದೆಗೆ ಮೊದಲು ನೀರೋ, ಕೊನೆಯ ಗದ್ದೆಗೋ ಅಂತ ಹೇಳಿದರು. ಒಂದು ದಿನ ಕೇಳಿದರು, ‘ಅಕ್ಕೋರೆ, ಆ ಕಲ್ಲಾಗೆ ನಮ್ಮಂಥೋರ ಸುದ್ದಿ ಏನಾರ ಐತಾ?’ ಕೆರೆ ನೋಡಿಕೊಳ್ಳುವವನಿಗೆ ಗದ್ದೆ ಬಿಟ್ಟ ಸಾಲನ್ನು ಓದಿ ಹೇಳಿದೆ. ಅವರು ಎದ್ದು ಹೋಗಿ ಕಲ್ಲಿನ ಮೇಲಿನ ಪಾಚಿಯನ್ನು ಪಂಚೆಯ ಅಂಚಿನಿಂದ ಒರೆಸಿದರು. ನನ್ನ ನಾಲ್ಕನೇ ಅಧ್ಯಾಯ ಅವತ್ತು ರಾತ್ರಿ ಶುರುವಾಯಿತು.

ಮನೆಯ ಕಡೆ ಹೇಳದಿದ್ದರೆ ಇದು ಅರ್ಧ ಸತ್ಯವಾಗುತ್ತದೆ. ನಮ್ಮ ಅತ್ತೆ ಬೆಳಗಿನ ತಿಂಡಿಯ ಹೊಣೆ ತಾವೇ ಹೊತ್ತರು, ಐದು ವರ್ಷ. ಕೇಳಿಕೊಂಡದ್ದಲ್ಲ. ‘ನೀನು ಬರಿ, ಉಪ್ಪಿಟ್ಟು ನಾನು ಕೆದಕ್ತೀನಿ’ ಅಂದರು. ಮಗಳು ಎಸ್ಸೆಸ್ಸೆಲ್ಸಿಗೆ ಓದುವಾಗ ಒಂದೇ ಮೇಜಿನ ಆ ಕಡೆ ಅವಳು, ಈ ಕಡೆ ನಾನು. ಅರೆಕಾಲಿಕರಿಗೆ ಫೆಲೋಶಿಪ್ ಇರುವುದಿಲ್ಲ. ಫೀಸು, ಓಡಾಟ, ಬೈಂಡಿಂಗ್ ಎಲ್ಲ ಸಂಬಳದಿಂದಲೇ. ನೀವಿನ್ನೂ 30 ದಾಟಿಲ್ಲದಿದ್ದರೆ ರಾಷ್ಟ್ರಮಟ್ಟದ ನೆಟ್ ಪರೀಕ್ಷೆ ಬರೆದು ಜೆಆರ್‌ಎಫ್‌ಗೆ (ಸಂಶೋಧನೆಗೆ ಕೊಡುವ ಫೆಲೋಶಿಪ್) ಪ್ರಯತ್ನ ಮಾಡಿ. 2023ರಿಂದ ಅದು ತಿಂಗಳಿಗೆ 37,000 ರೂಪಾಯಿ. ಹೆಣ್ಣುಮಕ್ಕಳಿಗೆ, ಎಸ್‌ಸಿ, ಎಸ್‌ಟಿಯವರಿಗೆ 5 ವರ್ಷ ವಯಸ್ಸಿನ ಸಡಿಲಿಕೆ ಇದೆ.

ನಾನು ಯುಜಿಸಿಯ 2016ರ ನಿಯಮದಡಿ ಸೇರಿದವಳು. ಹಾಗಾಗಿ ಪ್ರಬಂಧ ಸಲ್ಲಿಸುವ ಮೊದಲು ಒಂದು ಲೇಖನ ಪ್ರಕಟವಾಗಲೇಬೇಕಿತ್ತು. ‘ದುಡ್ಡು ಕಳಿಸಿ, ಮೂರು ದಿನದಲ್ಲಿ ಹಾಕ್ತೀವಿ’ ಅಂತ ಫೋನುಗಳು ಬಂದವು. ನಾನು ಕಳಿಸಲಿಲ್ಲ. ಒಂದು ವರ್ಷ ಕಾದು, ಎರಡು ಸಲ ತಿದ್ದಿ, ಒಳ್ಳೆಯ ಕಡೆ ಹಾಕಿಸಿದೆ. 2022ರ ನವೆಂಬರಿನ ಹೊಸ ನಿಯಮದಲ್ಲಿ ಆ ಕಡ್ಡಾಯ ಇಲ್ಲ. ಆದರೂ ಒಂದು ಲೇಖನ ಬರೆಯಿರಿ. ಅಪರಿಚಿತರೊಬ್ಬರು ನಮ್ಮ ಬರಹವನ್ನು ಕೆಂಪು ಶಾಯಿಯಲ್ಲಿ ತಿದ್ದಿದಾಗ ಕಲಿಯುವುದು ಬಹಳ ಇದೆ.

ಟೈಪಿಂಗನ್ನು ಬೇರೆಯವರಿಗೆ ಕೊಡಬೇಡಿ. ನಾನು ಎರಡು ಅಧ್ಯಾಯ ಕೊಟ್ಟಿದ್ದೆ. ಹಳೆಯ ಫಾಂಟಿನಲ್ಲಿ ಹೊಡೆದು ಯೂನಿಕೋಡಿಗೆ ತಿರುಗಿಸಿದಾಗ ‘ಱ’ ಇದ್ದ ಕಡೆಯೆಲ್ಲ ಖಾಲಿ ಚೌಕ. ಕೆರೆಯ ಪ್ರಬಂಧದಲ್ಲಿ ಕೆಱೆಯೇ ಮಾಯ. ಬೇಸಿಗೆ ರಜೆ ಪೂರ್ತಿ ಕೂತು ನಾನೇ ಮೊದಲಿಂದ ಟೈಪ್ ಮಾಡಿದೆ.

2024ರಲ್ಲಿ ಕಲೋಕ್ವಿಯಂ (ಸಲ್ಲಿಸುವ ಮೊದಲು ಎಲ್ಲರ ಮುಂದೆ ಪ್ರಬಂಧ ಮಂಡಿಸುವುದು) ಆಗಿ ಪ್ರಬಂಧ ಸಲ್ಲಿಸಿದೆ. 2025ರಲ್ಲಿ ವೈವಾ, ಅಂದರೆ ಮೌಖಿಕ ಪರೀಕ್ಷೆ. ನೀರುಗಂಟಿ ಅಜ್ಜನ ಮೊಮ್ಮಗ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದ, ಅಜ್ಜ ಇರಲಿಲ್ಲ. ಪರೀಕ್ಷಕರು ಕೇಳಿದ ಮೊದಲ ಪ್ರಶ್ನೆಯೇ ಗದ್ದೆಗಳಿಗೆ ನೀರು ಬಿಡುವ ಸರದಿಯ ಬಗ್ಗೆ. ಅಜ್ಜ ಏರಿಯ ಮೇಲೆ ಹೇಳಿದ್ದನ್ನೇ ಹೇಳಿದೆ.

ಅಚ್ಚಾದ ಸಂಪುಟದಲ್ಲಿ ನನಗೆ ಸಿಗದ ಎರಡು ಕಲ್ಲು ಇನ್ನೂ ಉಳಿದಿವೆ. ಒಂದರ ಕೆಳಗಿನ ಆರೇಳು ಸಾಲು ಕೆರೆಯ ಹೂಳಿನಲ್ಲಿ ಹೂತಿವೆ. ಬೇಸಿಗೆಯಲ್ಲಿ ನೀರು ಇಳಿದ ಮೇಲೆ ಹೂಳು ಬಿಡಿಸಿಕೊಡುತ್ತೇವೆ ಅಂತ ಪಂಚಾಯ್ತಿಯವರು ಒಪ್ಪಿದ್ದಾರೆ. ಅವತ್ತು ಬ್ಯಾಗ್ ಒರಗಿಸಿ ಪ್ರಶ್ನೆ ಕೇಳಿದ ಹುಡುಗಿ ಈಗ ಬಿ.ಎ. ಓದುತ್ತಿದ್ದಾಳೆ, ಇತಿಹಾಸವನ್ನೇ ತೆಗೆದುಕೊಂಡು. ಟಾರ್ಚ್ ಹಿಡಿಯಲು ಅವಳು ಬರುತ್ತೇನೆ ಅಂದಿದ್ದಾಳೆ.