ತೊಗರಿ ಕಾಳಿನಷ್ಟು ಗಡ್ಡೆಯನ್ನು ಕಲಬುರಗಿಯಲ್ಲೇ ತೆಗೆದದ್ದು

ಬೆನ್ನುಮೂಳೆಯ ಆಸ್ಟಿಯಾಯ್ಡ್ ಆಸ್ಟಿಯೋಮಾವನ್ನು (ಕ್ಯಾನ್ಸರ್ ಅಲ್ಲದ, ಮೂಳೆಯ ಚಿಕ್ಕ ಗಡ್ಡೆ) ನ್ಯಾವಿಗೇಷನ್ (ಆಪರೇಷನ್ ವೇಳೆ ಉಪಕರಣ ಎಲ್ಲಿದೆ ಅಂತ ಪರದೆಯಲ್ಲಿ ತೋರಿಸೋ ಯಂತ್ರ) ಇಲ್ಲದೆ ಕಲಬುರಗಿಯಲ್ಲೇ ತೆಗೀತೀನಿ ಅಂದಾಗ ನನ್ನ ಸೀನಿಯರ್‌ಗಳೇ ನಂಬಲಿಲ್ಲ. "ಸುಮ್ನೆ ಹೈದರಾಬಾದ್‌ಗೆ ಕಳಿಸು" ಅಂದರು. ಈಗ 7-8 ಕೇಸ್ ಆಗಿವೆ, ಮೊದಲನೆಯದು ಬಿಟ್ಟರೆ ಯಾರಿಗೂ ನೋವು ಮರಳಿ ಬಂದಿಲ್ಲ.

ಆ ಮೊದಲ ಕೇಸ್ ಮಾತ್ರ ಮೊದಲ ಸಲ ಕೆಟ್ಟಿತು. ಶಹಾಪುರ ಕಡೆಯ 14ರ ಹುಡುಗ. ರಾತ್ರಿ ನೋವು, ಆಸ್ಪಿರಿನ್ ಕೊಟ್ಟರೆ ತಣ್ಣಗಾಗುತ್ತಿತ್ತು, ಬೆನ್ನು ಡೊಂಕು. ಒಂದೂವರೆ ವರ್ಷ ಅಲೆದಿದ್ದರು, ಯಾರೋ ಎಂಆರ್‌ಐ ನೋಡಿ ಟಿಬಿ ಮಾತ್ರೆ ಬೇರೆ ಶುರು ಮಾಡಿದ್ದರು. ಎಂಆರ್‌ಐಯಲ್ಲಿ ಸುತ್ತಲಿನ ಊತವೇ ಎದ್ದು ಕಾಣುತ್ತೆ ಅಲ್ವಾ, ತೆಳು ಪದರಗಳ ಸಿಟಿ ಸ್ಕ್ಯಾನ್ ಮಾಡಿಸಿದ ಮೇಲೇ ಎಲ್3 (ಸೊಂಟದ ಮೂರನೇ ಕಶೇರು) ಲ್ಯಾಮಿನಾದಲ್ಲಿ, ಅಂದರೆ ಕಶೇರುವಿನ ಹಿಂಬದಿಯ ಮೂಳೆಯಲ್ಲಿ, ನೈಡಸ್ (ಗಡ್ಡೆಯ ತಿರುಳು) ಸಿಕ್ಕಿತು. ಸಿ-ಆರ್ಮ್ (ಥಿಯೇಟರ್‌ನ ಎಕ್ಸ್-ರೇ ಯಂತ್ರ) ನಂಬಿ ಬರ್ (ಮೂಳೆ ಸವೆಸೋ ಡ್ರಿಲ್) ಹಿಡಿದೆ. ಬಯಾಪ್ಸಿಯಲ್ಲಿ ಬರೀ ಗಟ್ಟಿ ಮೂಳೆ. 3ನೇ ರಾತ್ರಿ ಹುಡುಗ ಮತ್ತೆ ಅಳುತ್ತಾ ಎದ್ದು ಕೂತ. ನೈಡಸ್ ಅನ್ನು ಸುಮಾರು 8 ಮಿಲಿಮೀಟರ್ ಪಕ್ಕದಲ್ಲೇ ಬಿಟ್ಟು ಬಂದಿದ್ದೆ. ಅವರಪ್ಪ ಆ ವರ್ಷದ ತೊಗರಿ ದುಡ್ಡೆಲ್ಲಾ ಸುರಿದಿದ್ದರು. ಎರಡನೇ ಸಲ ಫೀಸ್ ತೊಗೊಳ್ಳಲಿಲ್ಲ, ಔಷಧಕ್ಕೂ ಥಿಯೇಟರ್‌ಗೂ ನನ್ನ ಕೈಯಿಂದ 18,000ದ ಹತ್ತಿರ ಹೋಯಿತು.

ಈ ಸಲ ಬೆಳಿಗ್ಗೆ ಸಿಟಿ ರೂಮಿನಲ್ಲೇ ಲೋಕಲ್ ಅರಿವಳಿಕೆ ಕೊಟ್ಟು ನೈಡಸ್ ಮೇಲೆ ಸೂಜಿ ಇಟ್ಟು, ಒಂದು ಹನಿ ಮೆಥಿಲೀನ್ ಬ್ಲೂ (ನೀಲಿ ಬಣ್ಣ) ಬಿಟ್ಟು, ಅದೇ ದಾರಿಯಲ್ಲಿ ಕೆ-ವೈರ್ (ತೆಳು ಲೋಹದ ತಂತಿ) ಕೂರಿಸಿದೆ. ಈ ಬಣ್ಣ ಡ್ಯೂರಾ (ಬೆನ್ನುಹುರಿಯ ಹೊರಪೊರೆ) ಒಳಗೆ ಹೋದರೆ ನರಕ್ಕೆ ವಿಷ, ಸೂಜಿ ತುದಿ ಮೂಳೆಗೆ ತಾಗಿದ್ದು ಸಿಟಿಯಲ್ಲಿ ಕಾಣದೆ ಬಿಡಲೇಬೇಡಿ. ಅರಿವಳಿಕೆ ಡಾಕ್ಟರನ್ನು ಒಪ್ಪಿಸೋದೇ ದೊಡ್ಡ ಕೆಲಸವಾಯಿತು. ಬೆನ್ನಲ್ಲಿ ವೈರ್ ಇಟ್ಟುಕೊಂಡು ಅಂಗಾತ ಮಲಗಿಸೋಕೆ ಆಗಲ್ಲ, ಮಗ್ಗುಲಲ್ಲೇ ಟ್ಯೂಬ್ ಹಾಕಿದರು. ಸ್ಟ್ರೆಚರ್ ಮೇಲೆ ವೈರ್ ಅಲುಗದ ಹಾಗೆ ಹೇಗೆ ಕಟ್ಟುತ್ತೀನಿ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಸುತ್ತಲಿನ ಮೂಳೆ ದಂತದ ಹಾಗೆ ಬಿಳಿ. ನೀರು ಬಿಡುತ್ತಾ ಡೈಮಂಡ್ ಬರ್‌ನಲ್ಲಿ ತೆಳ್ಳಗೆ ಸವೆಸುತ್ತಾ ಹೋದರೆ ನೀಲಿಯ ಕೆಳಗೆ ತಟ್ಟನೆ ಕೆಂಪು ಚುಕ್ಕೆ. ತೊಗರಿ ಕಾಳಿನಷ್ಟು. ಕ್ಯುರೆಟ್‌ಗೆ (ಕೆರೆಯೋ ಚಮಚ) ಮರಳು ಮರಳಾಗಿ ಬಂತು. ಫೆಸೆಟ್ (ಕಶೇರುಗಳ ನಡುವಿನ ಕೀಲು) ಉಳಿಯಿತು, ಹಾಗಾಗಿ ಸ್ಕ್ರೂ ಬೇಕಾಗಲಿಲ್ಲ, ಅಲ್ಲೇ 60-70 ಸಾವಿರ ಉಳಿಯಿತು.

ನಡುವೆ ಬೇರೆ ಕೇಸ್‌ಗಳಲ್ಲಿ ಟೆಟ್ರಾಸೈಕ್ಲಿನ್ ಅನ್ನೋ ಆಂಟಿಬಯೋಟಿಕ್ ಕೂಡ ಬಳಸಿ ನೋಡಿದೆ. ಆಪರೇಷನ್‌ಗೆ ಮುಂಚೆ ಎರಡು ದಿನ ಮಾತ್ರೆ ಕೊಟ್ಟು, ಥಿಯೇಟರ್ ಕತ್ತಲೆ ಮಾಡಿ ಯುವಿ ದೀಪ ಹಿಡಿದರೆ ನೈಡಸ್ ಹಳದಿಯಾಗಿ ಹೊಳೆಯುತ್ತೆ. ಎರಡು ಕೇಸಿನಲ್ಲಿ ಚೆನ್ನಾಗಿ ಕಂಡಿತು, ಮೂರನೆಯದರಲ್ಲಿ ರಕ್ತ ಜಾಸ್ತಿಯಾಗಿ ಏನೂ ಕಾಣಲಿಲ್ಲ. ತೆಗೆದ ಚೂರನ್ನು ಟ್ರೇಯಲ್ಲಿ ಪರೀಕ್ಷಿಸೋಕೆ ಮಾತ್ರ ಈಗಲೂ ಬಳಸ್ತೀನಿ.

ಆ ಹುಡುಗನ ಎರಡನೇ ಆಪರೇಷನ್ ಆದ ಮರುದಿನ ಬೆಳಿಗ್ಗೆ ರೌಂಡ್ಸ್‌ಗೆ ಹೋದಾಗ ಅವರಪ್ಪ ಬಾಗಿಲಲ್ಲೇ ಕಾದಿದ್ದರು. "ರಾತ್ರಿ ಪೂರಾ ಮಲಗ್ಯಾನ್ರೀ ಸಾಹೇಬ್ರ" ಅಂದರು. 24 ಡಿಗ್ರಿ ಇದ್ದ ಡೊಂಕು ವರ್ಷದಲ್ಲಿ 10ರ ಹತ್ತಿರ ಬಂತು, ಅಲ್ಲೇ ನಿಂತಿದೆ. ನೋವು ಶುರುವಾಗಿ 15 ತಿಂಗಳೊಳಗೆ ಗಡ್ಡೆ ತೆಗೆದರೆ ಬೆನ್ನು ತಾನಾಗಿ ನೆಟ್ಟಗಾಗೋ ಸಾಧ್ಯತೆ ಜಾಸ್ತಿ. ಇವನು ಆ ತಿಂಗಳುಗಳನ್ನೆಲ್ಲಾ ಅಲೆದಾಟದಲ್ಲೂ ಟಿಬಿ ಮಾತ್ರೆಯಲ್ಲೂ ಕಳೆದಿದ್ದ.